ಹದ್ದು ಒಳಗೆ ಬಂತು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಯಜಮಾನರು ಮದುವೆಯಾದ ಹೊಸದರಲ್ಲೇ ಕಂಡುಹಿಡಿದರು. ಇವತ್ತಿನವರೆಗೂ ಅದು ಅಲ್ಲೇ ಇದೆ, ಜಾಗ ಬದಲಾಯಿಸಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೇಲ್ವಿಚಾರಕಿಯಾಗಿದ್ದವಳಿಗೆ ಅದು ಆಸ್ತಿಯೇ ಹೊರತು ಕಾಯಿಲೆಯಲ್ಲ. ಸಾಲಾಗಿ ಕೂತ ಹುಡುಗಿಯರ ಬೆನ್ನ ಹಿಂದೆ ನಾನು ಒಂದು ಸುತ್ತು ಹಾಕಿದರೆ ಸಾಕು, ಹರಟೆಯೆಲ್ಲ ನಿಂತು ಬೆನ್ನುಗಳು ನೆಟ್ಟಗಾಗುತ್ತಿದ್ದವು. ಅವರು ನನಗೆ ಇಟ್ಟಿದ್ದ ಹೆಸರು ಹದ್ದು. ನನಗೆ ಗೊತ್ತಿಲ್ಲ ಅಂದುಕೊಂಡಿದ್ದರು. ಚೆನ್ನಾಗಿ ಗೊತ್ತಿತ್ತು, ಇಟ್ಟವಳು ನನ್ನ ಸ್ವಂತ ತಂಗಿ ಅನ್ನುವುದೂ ಗೊತ್ತಿತ್ತು.

ತಂಗಿ ಅದೇ ಎಕ್ಸ್‌ಚೇಂಜಿನಲ್ಲಿ ಪರವೂರಿನ ಕರೆಗಳ ಬೋರ್ಡಿನಲ್ಲಿ ಕೂರುತ್ತಿದ್ದಳು. ಆಗ ಅವಕ್ಕೆ ಟ್ರಂಕ್ ಕಾಲ್ ಎನ್ನುತ್ತಿದ್ದೆವು, ಹಾಗಾಗಿ ಅವಳ ಹೆಸರೂ ಟ್ರಂಕ್ ಎಂದೇ ಆಯಿತು. ಅವಳಂಥ ಬಾಯಿ ಇನ್ನೊಬ್ಬರಿಗಿರಲಿಲ್ಲ. ಒಂದೇ ಉಸಿರಿನಲ್ಲಿ ಒಂದು ಊರಿನ ಆಪರೇಟರನ್ನು ಗದರಿ, ಇನ್ನೊಂದು ಊರಿನವಳ ಮಗುವಿನ ಜ್ವರ ವಿಚಾರಿಸಿ, ನಡುವೆ ನನ್ನ ನಡಿಗೆಯನ್ನೂ ಅಣಕಿಸಿ ಮುಗಿಸಿರುತ್ತಿದ್ದಳು. ಇವಳ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ ಎಂದು ನಮ್ಮಮ್ಮ ಹೇಳುತ್ತಿದ್ದರು.

ಈ ವರ್ಷ ಒಂದು ಬೆಳಿಗ್ಗೆ ಆ ಬೀಗ ಬಿದ್ದೇಬಿಟ್ಟಿತು. ಹಲ್ಲುಜ್ಜುತ್ತಿದ್ದವಳು ಹಾಗೇ ಕುಸಿದು ಕೂತಳು. ಲಕ್ವ ಹೊಡೆದಿತ್ತು. ಪುಣ್ಯಕ್ಕೆ ಜೀವ ಗಟ್ಟಿ. ಕಾಲು ನಿಧಾನಕ್ಕೆ ಹೇಳಿದ ಮಾತು ಕೇಳತೊಡಗಿತು, ಬಲಗೈ ಅರ್ಧಮರ್ಧ ಕೇಳಿತು, ನಾಲಿಗೆ ಮಾತ್ರ ಮುನಿಸಿಕೊಂಡು ಕೂತಿತು. ಬಾಯಿ ಒಂದು ಕಡೆಗೆ ಸ್ವಲ್ಪ ಜಗ್ಗಿತ್ತು. ಆಸ್ಪತ್ರೆಯವರು ಅವಳನ್ನು ಅರ್ಧ ದಿನದ ಬಸ್ಸಿನ ಹಾದಿಯಲ್ಲಿರುವ ಒಂದು ಆರೈಕೆ ಕೇಂದ್ರಕ್ಕೆ ಕಳಿಸಿದರು. ಅಲ್ಲಿ ಕೈಕಾಲಿಗೆ ವ್ಯಾಯಾಮ ಮಾಡಿಸುತ್ತಾರೆ, ಮಾತಾಡುವುದನ್ನು ಮತ್ತೆ ಕಲಿಸುತ್ತಾರೆ.

ಮಾತು ಕಲಿಸುವ ಹುಡುಗಿ ಕಳೆದ ಸಲ ನಾನು ಹೋದಾಗ ನನ್ನನ್ನು ಪಡಸಾಲೆಗೆ ಕರೆದು ಹೇಳಿದಳು: "ಅಮ್ಮಾ, ಅವರಿಗೆ ಎಲ್ಲಾ ಅರ್ಥ ಆಗತ್ತೆ. ಮಾತೂ ಬರತ್ತೆ. ತಡವಾಗಿ, ಮುರಿದು ಮುರಿದು ಬರತ್ತೆ, ಆದ್ರೆ ಬರತ್ತೆ. ಒಂದ್ಸಲ ಚಮಚ ಬಿದ್ದಾಗ ಅವರು ಬೈದಿದ್ದನ್ನ ನಾನೇ ಕೇಳಿದೀನಿ. ಅವರೇ ಆಡಲ್ಲ ಅಂತ ಹಟ ಹಿಡಿದಿದಾರೆ. ಈಗಿನ ತಿಂಗಳುಗಳೇ ಮುಖ್ಯ. ಈಗ ಬಾಯಿ ಮುಚ್ಕೊಂಡು ಕೂತ್ರೆ, ಆಮೇಲೆ ಬೇಕು ಅಂದ್ರೂ ಬರೋದು ಕಷ್ಟ."

ಹಟ ಯಾಕೆಂದು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಜೀವನಪೂರ್ತಿ ದನಿಯಿಂದಲೇ ಬದುಕಿದವಳು. ಆ ದನಿ ಈಗ ಕುಂಟುವುದನ್ನು ನಾಲ್ಕು ಜನ ನೋಡುವುದು ಅವಳಿಗೆ ಬೇಡ. ನಾನು ಹೋಗಿ ಪಕ್ಕದಲ್ಲಿ ಕೂತರೆ ಗೋಡೆ ಕಡೆ ತಿರುಗುತ್ತಿದ್ದಳು. ಫೋನ್ ಮಾಡಿದರೆ ಎತ್ತಿ ಕಿವಿಗೆ ಹಿಡಿಯುತ್ತಿದ್ದಳು, ನಾನು "ಹಲೋ, ಹಲೋ" ಎಂದು ಎರಡು ಸಲ ಅಂದರೆ ಇಟ್ಟುಬಿಡುತ್ತಿದ್ದಳು.

ಆಗ ನನಗೆ ನಮ್ಮ ಮಾತಿನ ಕೋಣೆ ನೆನಪಾಯಿತು.

ಕೋಣೆ ಅಂದರೆ ಇದಕ್ಕೆ ಗೋಡೆಯೂ ಇಲ್ಲ, ಬಾಗಿಲೂ ಇಲ್ಲ. ಕಂಪ್ಯೂಟರಿನಲ್ಲಿ ಕೂತು ಮಾತಾಡುವ ಒಂದು ತಂತ್ರಾಂಶ ಅಷ್ಟೆ. ನಮ್ಮ ಹಳೆಯ ಎಕ್ಸ್‌ಚೇಂಜಿನ ಇಬ್ಬರು ಗೆಳತಿಯರು, ನಾನು, ತಂಗಿ, ನಾಲ್ಕೂ ಜನ ದಿನಾ ಸಂಜೆಯ ಚಹಾದ ಹೊತ್ತಿಗೆ ಅದರಲ್ಲಿ ಸೇರುತ್ತಿದ್ದೆವು. ಒಬ್ಬಳು ನಂಬರು ಹುಡುಕಿ ಕೊಡುವ ಕೌಂಟರಿನಲ್ಲಿದ್ದವಳು, ಅವಳ ಹೆಸರು ವಿಚಾರಣೆ. ಇನ್ನೊಬ್ಬಳು ಕೆಮ್ಮದೆ ಒಂದು ವಾಕ್ಯವನ್ನೂ ಶುರು ಮಾಡದವಳು, ಅವಳು ಕೆಮ್ಮು. ವಿಚಾರಣೆಯ ಅಳಿಯ ತನ್ನ ಹಳೇ ಕಂಪ್ಯೂಟರಿನಲ್ಲಿ ಈ ಕೋಣೆ ಕಟ್ಟಿಕೊಟ್ಟ. ಅತ್ತೆ ದಿನಕ್ಕೆ ಒಂದು ಗಂಟೆಯಾದರೂ ಬೇರೆಯವರ ತಲೆ ತಿನ್ನಲಿ ಎಂಬುದು ಅವನ ಲೆಕ್ಕಾಚಾರ ಇರಬೇಕು.

ಇದರಲ್ಲಿ ಮುಖ ಕಾಣುವುದಿಲ್ಲ. ಹೆಸರುಗಳು ಮಾತ್ರ ಒಂದರ ಕೆಳಗೊಂದು ಇರುತ್ತವೆ, ಯಾರು ಮಾತಾಡುತ್ತಾರೋ ಅವರ ಹೆಸರಿನ ಪಕ್ಕ ಪುಟ್ಟ ಹಸಿರು ದೀಪ ಹೊತ್ತಿಕೊಳ್ಳುತ್ತದೆ. ಆ ದೀಪ ನೋಡಿಯೇ ನಾವು ಮರುಳಾದದ್ದು. ನಮ್ಮ ಬೋರ್ಡಿನಲ್ಲೂ ಹೀಗೇ ದೀಪ ಹೊತ್ತುತ್ತಿತ್ತು! ಕೆಳಗೆ ಎರಡು ಚಿತ್ರಗಳಿವೆ: ಮೈಕಿನ ಚಿತ್ರ ಒತ್ತಿದರೆ ನಮ್ಮ ಬಾಯಿ ಮುಚ್ಚುತ್ತದೆ, ಹೆಡ್‌ಫೋನಿನ ಚಿತ್ರ ಒತ್ತಿದರೆ ನಮ್ಮ ಕಿವಿ ಮುಚ್ಚುತ್ತದೆ. ಯಾರಾದರೂ ಬಂದರೆ, ಹೋದರೆ ಒಳಗಿನಿಂದ ಒಬ್ಬ ಯಂತ್ರದ ಹೆಂಗಸು ಕೂಗಿ ಹೇಳುತ್ತಾಳೆ. ನನ್ನ ಹೆಸರು ತುಂಬಿಸುವ ಕೆಲಸವನ್ನು ತಂಗಿಗೆ ಒಪ್ಪಿಸಿದ್ದು ನನ್ನ ಬುದ್ಧಿಗೇಡಿತನ. ಮೊದಲ ದಿನ ನಾನು ಸೇರಿದ ಕೂಡಲೇ ಆ ಯಂತ್ರದವಳು ಗಂಭೀರವಾಗಿ ಘೋಷಿಸಿದಳು: "ಹದ್ದು ಒಳಗೆ ಬಂತು." ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಸರು ಬದಲಾಯಿಸುವುದು ಹೇಗೆಂದು ನನಗೆ ಇವತ್ತಿಗೂ ತಿಳಿಯದು, ತಿಳಿದವಳು ಹೇಳಿಕೊಡಲಿಲ್ಲ.

ಈ ಕೋಣೆಯ ಒಂದು ಗುಣವೇನೆಂದರೆ, ಇಲ್ಲಿ ಸುಮ್ಮನೆ ಕೂತಿರಬಹುದು. ಫೋನಿನಲ್ಲಿ ಮಾತಿಲ್ಲದಿದ್ದರೆ ಆ ಕಡೆಯವರ ಜೀವ ಬಾಯಿಗೆ ಬರುತ್ತದೆ. ಇಲ್ಲಿ ಹಾಗಲ್ಲ. ಒಬ್ಬಳು ಮಾತಾಡುತ್ತಿರುತ್ತಾಳೆ, ಇನ್ನೊಬ್ಬಳು ಬಟ್ಟೆ ಮಡಚುತ್ತಿರುತ್ತಾಳೆ, ಯಾರೂ ಯಾರನ್ನೂ ಕೆದಕುವುದಿಲ್ಲ. ಮುಖ ತೋರಿಸಬೇಕಿಲ್ಲ, ಉತ್ತರ ಕೊಡುವ ಹಂಗಿಲ್ಲ. ತಂಗಿ ಬಾಯಿ ಬಿಟ್ಟರೆ ಇಲ್ಲೇ ಬಿಡಬೇಕು ಎಂದು ನನಗೆ ಅನ್ನಿಸಿತು.

ತಂಗಿಯ ಮಗಳು ಶನಿವಾರ ಲ್ಯಾಪ್‌ಟಾಪನ್ನೂ ಹೆಡ್‌ಫೋನನ್ನೂ ಅವಳ ಮಂಚದ ಬಳಿ ಇಟ್ಟು ಬಂದಳು. ಹೊರಗೆ ಬಂದು ಅಳುತ್ತಲೇ ನನಗೆ ಫೋನ್ ಮಾಡಿದಳು.

"ದೊಡ್ಡಮ್ಮಾ, ಅಮ್ಮ ತಾನೇ ಎತ್ತಿ ಕಿವಿಗೆ ಹಾಕ್ಕೊಂಡ್ಳು. ನಾನು ಹೇಳೇ ಇಲ್ಲ."

"ಮತ್ತೆ ಯಾಕೆ ಅಳ್ತಿದೀಯೇ?"

"ಏನೂ ಕೇಳಿಸ್ಲಿಲ್ಲ. ಹೆಸರು ಕಾಣತ್ತೆ, ಒಳಗೆ ಸೇರ್ಕೊಳ್ಳತ್ತೆ, ದನಿ ಮಾತ್ರ ಬರಲ್ಲ. ಅಮ್ಮ ಸ್ವಲ್ಪ ಹೊತ್ತು ಕಾದು ತೆಗೆದಿಟ್ಟುಬಿಟ್ಳು. ನಂಗೆ ನಾಳೆ ಡ್ಯೂಟಿ ಇದೆ ದೊಡ್ಡಮ್ಮಾ."

"ನೀನು ಡ್ಯೂಟಿಗೆ ಹೋಗು," ಅಂದೆ. "ಲೈನ್ ಕೂಡಿಸೋದು ನನ್ನ ಕೆಲಸ."

ಅಂದದ್ದೇನೋ ಅಂದೆ. ಭಾನುವಾರ ಮಧ್ಯಾಹ್ನ ಊಟದ ತಟ್ಟೆಗಳನ್ನು ಹಾಗೇ ಬಿಟ್ಟು ಕಂಪ್ಯೂಟರಿನ ಮುಂದೆ ಕೂತೆ. ಇನ್ನೊಂದು ಸಲ ಅವಳು ಕಿವಿಗೆ ಹಾಕಿಕೊಂಡು, ಇನ್ನೊಂದು ಸಲ ಏನೂ ಕೇಳಿಸದೆ ತೆಗೆದಿಟ್ಟರೆ, ಮೂರನೆಯ ಸಲ ಹಾಕಿಕೊಳ್ಳುವವಳಲ್ಲ. ಅವಳ ಸ್ವಭಾವ ನನಗೆ ಗೊತ್ತು.

ಮೊದಲು ಕೆಮ್ಮು ಮತ್ತು ವಿಚಾರಣೆಗೆ ಅಪ್ಪಣೆ ಕೊಟ್ಟೆ: "ಯಾರೂ ಅವಳನ್ನ ಮಾತಾಡು ಅನ್ನಕೂಡದು. ಹೇಗಿದೀಯಾ ಅಂತ ಕೇಳಕೂಡದು. ಅಯ್ಯೋ ಪಾಪ ಅಂತೂ ಅನ್ನಲೇಕೂಡದು. ದಿನಾ ಹರಟೋ ಹಾಗೆ ಹರಟಿ."

"ಸರಿ ಮೇಡಂ," ಎಂದಳು ವಿಚಾರಣೆ, ಈಗಲೂ ಬೋರ್ಡಿನ ಮುಂದೆ ಕೂತಿರುವವಳ ಹಾಗೆ.

ಆಮೇಲೆ ಆರೈಕೆ ಕೇಂದ್ರದ ವೈಫೈ ನೋಡಿಕೊಳ್ಳುವವನಿಗೆ ಫೋನ್ ಹಚ್ಚಿದೆ. ಪಾಪ, ಭಾನುವಾರವೂ ಕೆಲಸಕ್ಕೆ ಬಂದವನು. ಚಹಾ ಹೀರುವ ಸದ್ದು ಕೇಳಿಸುತ್ತಿತ್ತು. ನಾನು ವಿಷಯ ಹೇಳಿದೆ.

"ಹೆಸರು ಕಾಣತ್ತೆ, ದನಿ ಇಲ್ಲ ಅಂತೀರಾ? ಹಾಗಾದ್ರೆ ಗೊತ್ತಾಯ್ತು ಬಿಡಿ ಅಮ್ಮಾ. ಆ ಸಾಫ್ಟ್‌ವೇರಿಗೆ ಎರಡು ದಾರಿ ಬೇಕು. ಹೆಸರು ಹೇಳಿ ಒಳಗೆ ಬರೋದಕ್ಕೆ ಒಂದು ದಾರಿ, ಮಾತು ಓಡಾಡೋದಕ್ಕೆ ಇನ್ನೊಂದು. ನಮ್ಮಲ್ಲಿ ಮೊದಲನೇದು ಮಾತ್ರ ತೆರೆದಿರತ್ತೆ. ಎರಡನೇದನ್ನ ಮುಚ್ಚಿಟ್ಟಿದೀವಿ, ರೋಗಿಗಳ ಮಾಹಿತಿ ಇರತ್ತಲ್ಲ, ಭದ್ರತೆಗೆ."

"ಹಾಗಾದ್ರೆ ತೆರೀರಿ."

"ಅದು ನನ್ನ ಕೈಲಿಲ್ಲ ಅಮ್ಮಾ. ಆದ್ರೆ ನಿಮ್ಮ ಕೈಲೊಂದಿದೆ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅಂತಿರತ್ತೆ. ಅದರಲ್ಲಿ ಟಿಸಿಪಿ ಅಂತ ಒಂದು ಚೌಕ. ಅದಕ್ಕೆ ಟಿಕ್ ಹಾಕಿದ್ರೆ ಮಾತೂ ಹೆಸರಿನ ದಾರೀಲೇ ಬರತ್ತೆ. ಇಕ್ಕಟ್ಟಾದ ದಾರಿ, ಸ್ವಲ್ಪ ತಡ ಆಗತ್ತೆ, ಅಷ್ಟೆ."

"ತಡ ಆದ್ರೆ ಆಗ್ಲಿ. ಅವಳಿಗೂ ತಡವೇ," ಅಂದೆ. ಇಷ್ಟು ಸಲೀಸಾಗಿ ಉತ್ತರ ಕೊಟ್ಟವನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಕಾರಣವೇ ಸಿಗಲಿಲ್ಲ.

ಈಗ ಆ ಟಿಕ್ಕನ್ನು ಹಾಕಬೇಕಾದದ್ದು ತಂಗಿ, ಅವಳ ಲ್ಯಾಪ್‌ಟಾಪಿನಲ್ಲಿ. ಫೋನ್ ಮಾಡಿದೆ. ಎತ್ತಿದಳು. ಉಸಿರಾಟ ಕೇಳಿಸಿತು. ಅವಳು ಇಡುವ ಮೊದಲೇ ಒಂದೇ ಸಮನೆ ಹೇಳಿಬಿಟ್ಟೆ: "ಹಲೋ ಅನ್ನಲ್ಲ ಕಣೇ, ಇಡಬೇಡ. ಮಾತಾಡೂ ಅನ್ನಲ್ಲ. ಬೆರಳಲ್ಲಿ ಫೋನ್ ಕುಟ್ಟು. ಒಂದು ಕುಟ್ಟಿದ್ರೆ ಹೂಂ, ಎರಡು ಕುಟ್ಟಿದ್ರೆ ಊಹೂಂ. ಲ್ಯಾಪ್‌ಟಾಪ್ ಮುಂದಿದೆಯಾ?"

ತುಂಬ ಹೊತ್ತು ಏನೂ ಇಲ್ಲ. ಆಮೇಲೆ, ಟಕ್.

ನನಗೆ ಕುಣಿಯುವಷ್ಟು ಖುಷಿಯಾಯಿತು. ಆದರೆ ಮೇಲ್ವಿಚಾರಕಿಯ ದನಿ ಬಿಡಲಿಲ್ಲ. "ಹಲ್ಲುಚಕ್ರದ ಚಿತ್ರ ಇದೆ ನೋಡು, ಅದನ್ನ ಒತ್ತು. ಒತ್ತಿದ್ಯಾ?"

ಟಕ್.

"ಎಡಗಡೆ ನೆಟ್‌ವರ್ಕ್ ಅಂತ ಇದೆಯಾ?"

ಟಕ್ ಟಕ್.

"ಇರಲೇಬೇಕು. ಸರಿಯಾಗಿ ನೋಡು."

ಟಕ್ ಟಕ್.

"ಕಣ್ಣು ಬಿಟ್ಟು ನೋಡೇ!"

ಟಕ್ ಟಕ್ ಟಕ್ ಟಕ್ ಟಕ್. ಇದಕ್ಕೆ ನಾವು ಅರ್ಥ ಗೊತ್ತುಮಾಡಿಕೊಂಡಿರಲಿಲ್ಲ, ಆದರೂ ಅರ್ಥವಾಯಿತು. ಹುಡುಕಿ ನೋಡಿದರೆ ನೆಟ್‌ವರ್ಕ್ ಅನ್ನುವುದು ಎಡಗಡೆ ಅಲ್ಲ, ಮೇಲ್ಗಡೆ ಇತ್ತು. ತಪ್ಪು ನನ್ನದೇ. ಒಪ್ಪಿಕೊಳ್ಳಲಿಲ್ಲ, ಮುಂದಕ್ಕೆ ಹೋದೆ. ಚೌಕ ಸಿಕ್ಕಿತು, ಎಡಗೈಯಲ್ಲಿ ಮೌಸು ಹಿಡಿದು ಅವಳು ಟಿಕ್ ಹಾಕಿದಳು, ಕೋಣೆಯಿಂದ ಹೊರಗೆ ಹೋದಳು. ಹೆಡ್‌ಫೋನ್ ಹಾಕಿಕೊಂಡು ಮತ್ತೆ ಸೇರಲು ಹೇಳಿ ಫೋನ್ ಇಟ್ಟು, ನನ್ನದನ್ನೂ ಹಾಕಿಕೊಂಡೆ.

ನನ್ನ ಕಿವಿಯಲ್ಲಿ ಯಂತ್ರದವಳು ಹೇಳಿದಳು: "ಟ್ರಂಕ್ ಒಳಗೆ ಬಂತು."

ಆಮೇಲೆ ಒಂದು ಫ್ಯಾನು ತಿರುಗುವ ಸದ್ದು. ನನ್ನ ಮನೆಯದಲ್ಲ, ಕಿರ್ ಕಿರ್ ಎನ್ನುವ ಆ ಫ್ಯಾನನ್ನು ನಾನು ಅವಳ ಕೋಣೆಯಲ್ಲಿ ಕೇಳಿದ್ದೆ. ಲೈನ್ ಕೂಡಿತ್ತು! ಕೆಮ್ಮು ಒಂದು ಸಲ ಕೆಮ್ಮಿ, "ಹಲೋ ಟ್ರಂಕ್, ಬಂದ್ಯಾ, ಬಾ. ನಮ್ಮ ಮನೆ ನಲ್ಲಿ ಕಥೆ ಹೇಳ್ತಿದ್ದೆ," ಅಂದಳು. ಅದಕ್ಕೆ ಆ ಕಡೆಯಿಂದ, ಸ್ವಲ್ಪ ತಡವಾಗಿ, ಗಂಟಲಿನೊಳಗಿನಿಂದಲೇ ಒಂದು "ಹ್ಞಾಂ" ಬಂತು.

ಅಷ್ಟೆ. ಮರುಕ್ಷಣ ಎಲ್ಲ ನಿಶ್ಶಬ್ದ. ಫ್ಯಾನಿಲ್ಲ, ಕೆಮ್ಮಿಲ್ಲ, ಏನೂ ಇಲ್ಲ.

ಕೂಡಿದ ಲೈನು ಕಡಿದುಹೋಯಿತು ಅಂದುಕೊಂಡೆ. ಅವಳು ಮೊದಲ ಸಲ ಒಂದು ಸದ್ದು ಮಾಡಿದ್ದಾಳೆ, ಅದೇ ಗಳಿಗೆಯಲ್ಲಿ ಈ ದರಿದ್ರ ನೆಟ್‌ವರ್ಕ್ ಕೈಕೊಟ್ಟಿದೆ! ಕೂಡಲೇ ಹಲ್ಲುಚಕ್ರ ಒತ್ತಿದೆ. ಸೆಟ್ಟಿಂಗ್ಸ್ ಪರದೆಯ ತುಂಬ ಹರಡಿಕೊಂಡು ಹಿಂದಿನದೆಲ್ಲ ಮುಚ್ಚಿಹೋಯಿತು.

ಅದರಲ್ಲಿ ಟಿಸಿಪಿ ಒಂದೇ ಅಲ್ಲ, ಒಂದು ಸಂಸಾರವೇ ಇತ್ತು. ಮಾತಿಗೆ ಆದ್ಯತೆ ಕೊಡಬೇಕೋ ಬೇಡವೋ. ಸಂಪರ್ಕ ತಪ್ಪಿದರೆ ತಾನಾಗಿಯೇ ಮತ್ತೆ ಸೇರಬೇಕೋ ಬೇಡವೋ. ಪ್ರಾಕ್ಸಿ ಎಂದು ಒಂದು, ಪೋರ್ಟ್ ಎಂದು ಇನ್ನೊಂದು. ನಾನು ಟಿಸಿಪಿಗೆ ಟಿಕ್ ಹಾಕಿ ಹೊರಗೆ ಹೋಗಿ ಒಳಗೆ ಬಂದೆ. ನಿಶ್ಶಬ್ದ. ಆದ್ಯತೆ ಕೊಟ್ಟು ನೋಡಿದೆ, ಕಿತ್ತುಕೊಂಡು ನೋಡಿದೆ. ನಿಶ್ಶಬ್ದ. ನಾನು ಒಳಗೆ ಹೊರಗೆ ಓಡಾಡಿದರೂ ಆ ಯಂತ್ರದವಳು ಕೂಡ ತುಟಿ ಬಿಚ್ಚಲಿಲ್ಲ. ಎಲ್ಲ ಕೆಟ್ಟು ಕೂತಿದೆ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

"ಆಫ್ ಮಾಡಿ ಆನ್ ಮಾಡು," ಎಂದರು ಯಜಮಾನರು, ಪೇಪರಿನ ಹಿಂದಿನಿಂದ. ಇವರು ಬಸ್ಸು ಓಡಿಸುತ್ತಿದ್ದವರು. ಜಗತ್ತಿನ ಸಕಲ ಸಮಸ್ಯೆಗೂ ಇವರ ಬಳಿ ಇರುವುದು ಇದೊಂದೇ ಔಷಧಿ.

"ನಿಮ್ಮ ಬಸ್ಸಲ್ಲ ಇದು."

"ಬಸ್ಸಾಗಿದ್ರೆ ಇಷ್ಟೊತ್ತಿಗೆ ಹೊರಟಿರ್ತಿತ್ತು."

ನನ್ನ ಬಾಯಿಂದ ಆಮೇಲೆ ಏನೇನು ಬಂತೋ ಎಲ್ಲ ಇಲ್ಲಿ ಬರೆಯಲಾಗದು. ಪ್ರಾಕ್ಸಿ ಅನ್ನುವುದನ್ನು ಕಂಡುಹಿಡಿದವನ ವಂಶವನ್ನು ವಿಚಾರಿಸಿಕೊಂಡೆ. ವಿಚಾರಣೆಯ ಅಳಿಯನಿಗೆ ತಲೆಬುಡ ಗೊತ್ತಿಲ್ಲ ಎಂದೆ. ಕೆಮ್ಮುವಿನ ನಲ್ಲಿ ಕಥೆ ಕೇಳಿ ಕೇಳಿಯೇ ಲೈನು ಪ್ರಾಣ ಬಿಟ್ಟಿರಬೇಕು ಎಂದೆ. ವೈಫೈಯವನಿಗೆ ಮತ್ತೆ ಫೋನ್ ಮಾಡಿ, ಈ ಸಲ ಸಿಟ್ಟಿಗೆ ಕಾರಣ ಸಿಕ್ಕಿದ್ದರಿಂದ ಧಾರಾಳವಾಗಿ ಬೈದೆ.

"ನಿಮ್ಮ ಇಕ್ಕಟ್ಟು ದಾರಿ ಪೂರ್ತಿ ಮುಚ್ಚಿಹೋಗಿದೆ. ಹೋಗಿ ನೋಡಿ."

"ಇಲ್ಲಿಂದ ಎಲ್ಲಾ ಸರಿಯಾಗೇ ಕಾಣ್ತಿದೆ ಅಮ್ಮಾ."

"ಕಾಣೋದಲ್ಲ, ಕೇಳಬೇಕು! ಕೂತಲ್ಲಿಂದ ಹೇಳ್ಬೇಡಿ, ಎದ್ದು ಅವಳ ಕೋಣೆಗೆ ಹೋಗಿ ನೋಡಿ. ನಾನು ಫೋನ್ ಇಡಲ್ಲ."

ಚಹಾದ ಲೋಟ ಕೆಳಗಿಟ್ಟ ಸದ್ದು, ಕುರ್ಚಿ ಸರಿದ ಸದ್ದು, ಮೆಟ್ಟಿಲಿನ ಮೇಲೆ ಚಪ್ಪಲಿಯ ಸದ್ದು. ಅವನು ನಡೆಯುತ್ತಿದ್ದ. ನಾನು ಫೋನಿನ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟುಕೊಂಡು ಪ್ರಾಕ್ಸಿಯನ್ನು ಇನ್ನೊಮ್ಮೆ ಬದಲಿಸಿದೆ, ಕೋಣೆಯಿಂದ ಹೊರಗೆ ಬಿದ್ದೆ, ಅದನ್ನು ಮೊದಲಿನಂತೆ ಮಾಡಿ ಒಳಗೆ ಬಂದೆ. ಏನೂ ಇಲ್ಲ. ಆಗ ಕೈ ಸೋತಿತು. ಸಿಟ್ಟು ಇಳಿದಾಗ ಅದರ ಕೆಳಗೆ ಏನಿರುತ್ತದೋ ಅದು ಮೇಲೆ ಬಂತು. ಯಜಮಾನರು ಪೇಪರು ಮಡಚಿ ಪಕ್ಕದಲ್ಲಿ ಬಂದು ಕೂತಿದ್ದರು. ಅವರಿಗೇ ಹೇಳಿದೆ.

"ಇವಳು ಮಾತಾಡದೆ ನಂಗೆ ಮನೆಯೆಲ್ಲ ಬಿಕೋ ಅಂತಿದೆ ಕಣ್ರೀ. ದಿನಾ ಸಂಜೆ ಈ ಕುರ್ಚೀಲಿ ಕೂತು ಬೈಸ್ಕೊಳ್ತಿದ್ದೆ, ಅಣಕಿಸ್ಕೊಳ್ತಿದ್ದೆ. ಅದಿಲ್ಲದೆ ಚಹಾ ಕೂಡ ಗಂಟಲಲ್ಲಿ ಇಳಿಯಲ್ಲ. ಅವಳು ಸರಿಯಾಗಿ ಮಾತಾಡೋದೇನೂ ಬೇಡ. ತೊದಲಲಿ, ತಪ್ಪು ಹೇಳಲಿ, ಒಂದು ಮಾತಿಗೆ ಒಂದು ಗಂಟೆ ತಗೊಳ್ಳಲಿ. ನಾನು ಕಾಯ್ತೀನಿ. ನಂಗೇನು ಬೇರೆ ಕೆಲಸ ಇದೆ? ಹದ್ದೂ ಅಂತ ಒಂದ್ಸಲ ಕರೀಲಿ ಸಾಕು."

ಯಜಮಾನರು ನನ್ನ ಭುಜದ ಮೇಲೆ ಕೈಯಿಟ್ಟರು. ಈ ಸಲ ಆಫ್, ಆನ್ ಎನ್ನಲಿಲ್ಲ.

ಮೇಜಿನ ಮೇಲಿನ ಫೋನಿನಿಂದ ವೈಫೈಯವನ ದನಿ ಬಂತು, ಪಿಸುಮಾತಿನಲ್ಲಿ. "ಅಮ್ಮಾ, ಇದೀರಾ?"

ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ ಫೋನ್ ಎತ್ತಿಕೊಂಡೆ. "ಇದೀನಿ. ಏನು ಕೆಟ್ಟಿದೆ ಅಲ್ಲಿ?"

"ಏನೂ ಕೆಟ್ಟಿಲ್ಲ ಅಮ್ಮಾ. ನಾನು ಬಾಗಿಲ ಹತ್ರ ನಿಂತಿದೀನಿ. ನಿಮ್ಮ ತಂಗಿ ಮಾತಾಡ್ತಿದಾರೆ."

"ಏನು?"

"ಹ್ಞೂಂ ಅಮ್ಮಾ. ನಾನು ಬರುವಾಗ ನಗ್ತಿದ್ರು. ಈಗ ಕಣ್ಣಲ್ಲಿ ನೀರು ಸುರೀತಿದೆ, ಅಕ್ಕಾ, ಅಕ್ಕಾ ಅಂತ ಕೂಗ್ತಾನೇ ಇದಾರೆ. ನಿಮ್ಮ ದನಿ ಚೆನ್ನಾಗಿ ಹೋಗ್ತಿದೆ ಅಂತ ಕಾಣತ್ತೆ. ನೀವೇ ಅವರದ್ದನ್ನ ಕೇಳಿಸ್ಕೊಳ್ತಾ ಇಲ್ಲ. ನಿಮ್ಮ ಕಡೆ ಹೆಡ್‌ಫೋನ್ ಚಿತ್ರ ಏನಾದ್ರೂ ಕೆಂಪಗಿದೆಯಾ ನೋಡಿ."

ಸೆಟ್ಟಿಂಗ್ಸ್ ಮುಚ್ಚಿದೆ. ಕೆಳಗೆ ಹೆಡ್‌ಫೋನಿನ ಚಿತ್ರ ಕೆಂಪಗೆ, ಅಡ್ಡಗೆರೆ ಎಳೆಸಿಕೊಂಡು ಕೂತಿತ್ತು.

ಒತ್ತಿದವರು ಇನ್ಯಾರೂ ಅಲ್ಲ, ನನ್ನ ಬಲಗೈಯ ತೋರುಬೆರಳು. ನಮ್ಮ ಎಕ್ಸ್‌ಚೇಂಜಿನಲ್ಲಿ ಎಲ್ಲಕ್ಕಿಂತ ದೊಡ್ಡ ನಿಯಮ ಒಂದಿತ್ತು. ಲೈನು ಕೂಡಿಸು, ಎರಡೂ ಕಡೆಯವರ ಹಲೋ ಕೇಳು, ಕೇಳಿದ ಕೂಡಲೇ ಬೋರ್ಡಿನ ಮೇಲಿನ ಕೇಳುವ ಕೀಯನ್ನು ಹಿಂದಕ್ಕೆ ತಳ್ಳು. ಇನ್ನೊಬ್ಬರ ಮಾತು ನಮ್ಮದಲ್ಲ. ಗಂಡ ಹೆಂಡತಿ ಜಗಳ, ಪ್ರೇಮ, ಸಾವಿನ ಸುದ್ದಿ, ಯಾವುದೂ ನಮ್ಮ ಕಿವಿಗೆ ಬೀಳಕೂಡದು. ಕೀ ತಳ್ಳಲು ಅರೆಗಳಿಗೆ ತಡ ಮಾಡಿದ ಹುಡುಗಿಯ ಬೆನ್ನ ಹಿಂದೆ ನಿಂತು ನಾನು ಒಂದೇ ಮಾತು ಹೇಳುತ್ತಿದ್ದೆ: "ಲೈನ್ ಬಿಡು." ಆ ನಿಯಮವನ್ನು ನಾನು ಇಷ್ಟು ವರ್ಷ ಇನ್ನೊಬ್ಬರ ಬೆರಳಿಗೆ ಕಲಿಸಿದ್ದೇ ಕಲಿಸಿದ್ದು, ನನ್ನ ಬೆರಳಿನ ಮೂಳೆಯಲ್ಲೇ ಅದು ಸೇರಿಕೊಂಡಿದೆ. ಕೆಮ್ಮು ಹಲೋ ಅಂದಳು, ತಂಗಿ ಹ್ಞಾಂ ಅಂದಳು, ಬೆರಳು ನನ್ನನ್ನು ಕೇಳದೆಯೇ ಮೌಸನ್ನು ಕರೆದುಕೊಂಡು ಹೋಗಿ ಕಿವಿ ಮುಚ್ಚಿ ಬಂದಿತ್ತು.

ಅಷ್ಟು ಹೊತ್ತೂ ನನ್ನ ಕಿವಿ ಮಾತ್ರ ಮುಚ್ಚಿತ್ತು. ಬಾಯಿ ತೆರೆದೇ ಇತ್ತು.

ಆ ಬಗ್ಗೆ ಯೋಚಿಸುವಷ್ಟು ವ್ಯವಧಾನ ಆಗ ಇರಲಿಲ್ಲ. ಒತ್ತಿದೆ. ಮೂರು ಜನರ ದನಿ ಒಟ್ಟಿಗೆ ಕಿವಿಯೊಳಗೆ ನುಗ್ಗಿತು.

"ಬಂದ್ರು, ಬಂದ್ರು, ಕೆಂಪು ಹೋಯ್ತು!" ಎಂದು ಕೆಮ್ಮು ಕೆಮ್ಮದೆಯೇ ಕಿರುಚಿದಳು.

"ಮೇಡಂ, ಎಷ್ಟು ಸಲ ಬರೆದು ಕಳಿಸಿದ್ವಿ, ನೋಡಲೇ ಇಲ್ಲ. ಫೋನ್ ಮಾಡಿದ್ರೆ ಎಂಗೇಜ್," ಎಂದಳು ವಿಚಾರಣೆ. "ನಮ್ಮ ಅಳಿಯಂಗೆ ತಲೆಬುಡ ಗೊತ್ತಿಲ್ಲ ಅಂದ್ರಲ್ಲ, ಅವನೂ ಇಲ್ಲೇ ನಿಂತು ಕೇಳಿಸ್ಕೊಂಡ."

"ನಮಸ್ಕಾರ ಮೇಡಂ," ಎಂದಿತು ಹಿಂದಿನಿಂದ ಒಂದು ಗಂಡು ದನಿ.

ಆ ಗದ್ದಲದ ಕೆಳಗೆ ಕಿರ್ ಕಿರ್ ಫ್ಯಾನು ತಿರುಗುತ್ತಿತ್ತು, ಅದರ ಪಕ್ಕದಲ್ಲಿ ಒಬ್ಬರು ಮೂಗು ಎಳೆದುಕೊಳ್ಳುತ್ತಿದ್ದರು. "ಸುಮ್ನಿರ್ರೇ ಎಲ್ಲಾ," ಅಂದೆ. ಹಳೆಯ ದನಿಯೇ ಬಂತು. ಇಬ್ಬರೂ ತಟಕ್ಕನೆ ಸುಮ್ಮನಾದರು, ಅಳಿಯನೂ.

ಹೆಸರುಗಳ ಸಾಲಿನಲ್ಲಿ ಎಲ್ಲ ದೀಪ ಆರಿದವು. ಟ್ರಂಕ್ ಅನ್ನುವ ಹೆಸರಿನ ಪಕ್ಕದ ದೀಪ ಒಂದು ಸಲ ಹೊತ್ತಿತು, ಆರಿತು. ಮತ್ತೆ ಹೊತ್ತಿತು. ನಾನು ಕಾದೆ. ಕಾಯುತ್ತೇನೆ ಎಂದು ಎಲ್ಲರೂ ಕೇಳುವ ಹಾಗೆ ಹೇಳಿಯಾಗಿತ್ತಲ್ಲ.

"ಹ... ಹದ್ದು," ಅಂದಳು. ದಪ್ಪ ದನಿ, ಅಂಚುಗಳಿಲ್ಲದ ದನಿ. "ಕಿ... ಕಿವುಡು... ಹದ್ದು."

ಕೆಮ್ಮು ಕಿಸಕ್ಕೆಂದಳು. ನನಗೆ ನಗುವೋ ಅಳುವೋ ಗೊತ್ತಾಗದ ಒಂದು ಸದ್ದು ಬಂತು. ಯಜಮಾನರು ಹೆಡ್‌ಫೋನಿಗೆ ಹೊರಗಿನಿಂದ ಕಿವಿ ಹಚ್ಚಿದ್ದರು. ಆಮೇಲೆ ವಿಚಾರಣೆ ಹೇಳಿ ತಿಳಿಯಿತು: ನಾನು ಹೊರಗೆ ಒಳಗೆ ಓಡಾಡಿದಾಗಲೆಲ್ಲ ಆ ಯಂತ್ರದವಳು ಬಿಡದೆ ಘೋಷಿಸಿದ್ದಳಂತೆ, "ಹದ್ದು ಹೊರಗೆ ಹೋಯಿತು, ಹದ್ದು ಒಳಗೆ ಬಂತು, ಹದ್ದು ಹೊರಗೆ ಹೋಯಿತು." ಮೊದಲನೆಯದಕ್ಕೆ ತಂಗಿ ಸುಮ್ಮನಿದ್ದಳು. ಆಮೇಲೆ ಮೂಗಿನಲ್ಲಿ ನಕ್ಕಳು. ನಾನು ಪ್ರಾಕ್ಸಿಯ ವಂಶ ವಿಚಾರಿಸುವ ಹೊತ್ತಿಗೆ ಅವಳು ನಗುನಗುತ್ತಲೇ "ಚಿತ್ರ... ಒತ್ತು... ಪೆದ್ದಿ" ಎಂದಿದ್ದಳು. ಅವಳು ಮಾತಾಡಿದ್ದನ್ನು ಕೇಳಿ ಈ ಇಬ್ಬರೂ ಬೆಚ್ಚಿಬಿದ್ದರೂ, ನನ್ನ ಅಪ್ಪಣೆ ನೆನಪಿಟ್ಟುಕೊಂಡು, ಏನೂ ಆಗಿಯೇ ಇಲ್ಲವೆಂಬಂತೆ ನಲ್ಲಿಯ ಕಥೆ ಮುಂದುವರಿಸಿದ್ದರು. ಇಂಥ ಹುಡುಗಿಯರನ್ನು ತಯಾರು ಮಾಡಿದವಳು ನಾನು. ಹೆಮ್ಮೆಯಾಯಿತು.

"ಆಮೇಲೆ ನೀವು ನಿಮ್ಮ ಯಜಮಾನರಿಗೆ ಏನೋ ಹೇಳಿದ್ರಲ್ಲ ಮೇಡಂ," ಎಂದು ಶುರು ಮಾಡಿದಳು ವಿಚಾರಣೆ.

"ಅದು ನಿಮ್ಮ ಮಾತಲ್ಲ. ಇನ್ನೊಬ್ಬರ ಮಾತು ಕೇಳಿಸ್ಕೊಳ್ಳೋದು ನಿಯಮ ಅಲ್ಲ," ಅಂದೆ. ನನ್ನ ಕಿವಿ ಬಿಸಿಯಾಗಿತ್ತು.

"ನ... ನನ್ನ ಮಾತು," ಎಂದಳು ತಂಗಿ. "ನಾ... ಕೇಳಿದೆ."

ಕೇಳಿದಳು, ಒಳ್ಳೆಯದೇ ಆಯಿತು. ಎದುರು ಕೂತು ಹೇಳು ಅಂದಿದ್ದರೆ ನಾನು ಈ ಜನ್ಮದಲ್ಲಿ ಹೇಳುವವಳಲ್ಲ.

ವೈಫೈಯವನು ಫೋನಿನಲ್ಲಿ ಇನ್ನೂ ಇದ್ದ. "ಅಮ್ಮಾ, ಆ ಟಿಸಿಪಿ ಟಿಕ್ ಅವರ ಕಡೆ ಇದ್ರೆ ಸಾಕು. ನಿಮ್ಮ ಮನೇಲಿ ತೆಗೆದುಬಿಡಿ. ನಿಮ್ಮ ಮಾತೂ ಸುಮ್ನೆ ತಡ ಆಗತ್ತೆ," ಎಂದ.

"ಇರಲಿ ಬಿಡಪ್ಪಾ," ಅಂದೆ. ಬೈದದ್ದಕ್ಕೆ ಕ್ಷಮಿಸು ಎಂದೂ ಅಂದೆ. ಯಜಮಾನರು ನನ್ನನ್ನು ಹೊಸಬರನ್ನು ನೋಡುವಂತೆ ನೋಡಿದರು. ಟಿಕ್ಕನ್ನು ಹಾಗೇ ಬಿಟ್ಟೆ. ಅವಳ ಮಾತು ತಡವಾಗಿ ಬರಲಿ, ನನ್ನದೂ ತಡವಾಗಿ ಹೋಗಲಿ, ಯಾರ ತಡ ಯಾವುದೆಂದು ಯಾರಿಗೂ ತಿಳಿಯದಿರಲಿ.

ಚಹಾದ ಹೊತ್ತು ಕಳೆಯಿತು. ಕೆಮ್ಮು ನಲ್ಲಿಯ ಕಥೆಯನ್ನು ಕೊನೆಗೂ ಮುಗಿಸಿದಳು. ಮುಗಿಸಿದ ಮೇಲೂ ನಲ್ಲಿ ಸೋರುತ್ತಲೇ ಇತ್ತಂತೆ. ತಂಗಿ ನಡುವೆ ಎರಡೋ ಮೂರೋ ಮಾತು ಸೇರಿಸಿದಳು, ಒಂದು ತಪ್ಪಾಯಿತು, ತಾನೇ ಸಿಟ್ಟಾಗಿ ಮೇಜು ಕುಟ್ಟಿದಳು, ಮತ್ತೆ ಹೇಳಿದಳು. ಯಾರೂ ಶಹಬ್ಬಾಸ್ ಅನ್ನಲಿಲ್ಲ. ಅವಳಿಗೆ ದಣಿವಾದದ್ದು ಉಸಿರಿನಲ್ಲೇ ಗೊತ್ತಾಯಿತು.

"ಸಾಕು ಇವತ್ತಿಗೆ. ನಾಳೆ ಇದೇ ಹೊತ್ತಿಗೆ ಬಾ," ಎಂದೆ. ಬಲಗೈ ಮೌಸಿನ ಕಡೆ ಹೊರಟಿತ್ತು.

ದೀಪ ಹೊತ್ತಿತು. ಈ ಸಲ ಅವಳು ತುಂಬ ಹೊತ್ತು ತೆಗೆದುಕೊಂಡಳು. ಮಾತುಗಳನ್ನು ಒಂದೊಂದಾಗಿ ಹೆಕ್ಕಿ ಹೆಕ್ಕಿ ತರುತ್ತಿದ್ದಳು, ನಾನು ಪರದೆಯನ್ನೇ ನೋಡುತ್ತ ಕೂತಿದ್ದೆ.

"ಲೈನ್," ಅಂದಳು. ನಿಂತಳು. "ಲೈನ್... ಬಿಡ... ಬೇಡ... ಅಕ್ಕಾ."

"ಇಲ್ಲ ಕಣೇ," ಅಂದೆ. "ಬಿಡಲ್ಲ. ನೀನೇ ಮೊದಲು ಹೋಗು, ನಾನು ಇಲ್ಲೇ ಇರ್ತೀನಿ."

ಬಲಗೈಯನ್ನು ತೊಡೆಯ ಕೆಳಗೆ ಇಟ್ಟು, ಅದರ ಮೇಲೆ ಭಾರ ಬಿಟ್ಟು ಕೂತೆ.